ಎರಡು ನೂಲಿನ ಹೊದಿಕೆ

ನಮ್ಮ ಬೆಟ್ಟದ ಊರು ಮನೇಸಿಯಲ್ಲಿ ಮನೆಗೊಬ್ಬರು ನೇಯುವವರಿದ್ದಾರೆ. ಆದರೆ ‘ನೇಯುವವಳು’ ಎಂದಷ್ಟೇ ಹೇಳಿದರೆ ಊರಿಗೆಲ್ಲ ಅರ್ಥವಾಗುತ್ತಿದ್ದುದು ಒಬ್ಬಳೇ, ನನ್ನ ಅತ್ತಿಗೆ ಬಾಬೋ. ನಮ್ಮ ಮಗ್ಗಗಳ ಮುಂದೆ ಕೂರುವಂತಿಲ್ಲ, ನಿಂತು ಆಚೀಚೆ ನಡೆಯುತ್ತಲೇ ನೇಯಬೇಕು. ಅವಳು ಒಂದು ಚಳಿಗಾಲದಲ್ಲಿ ಮಗ್ಗದ ಮುಂದೆ ನಡೆದಷ್ಟನ್ನು ದಾರಿಯ ಮೇಲೆ ನಡೆದಿದ್ದರೆ ಅಪಾಮೆಯ ಪಟ್ಟಣಕ್ಕೆ ಹತ್ತು ಸಲ ಹೋಗಿ ಬರಬಹುದಿತ್ತು. ಬಲಗೈ ಎತ್ತಿ ಎತ್ತಿ ಅವಳ ಬಲ ಹೆಗಲು ಎಡ ಹೆಗಲಿಗಿಂತ ಎರಡು ಬೆರಳು ಮೇಲಿತ್ತು. ದೂರದಿಂದ ನೋಡಿದವರಿಗೆ ಯಾರನ್ನೋ ‘ನಿಂದೇನು’ ಎಂದು ಕೇಳುತ್ತಿರುವವಳ ಹಾಗೆ ಕಾಣುತ್ತಿದ್ದಳು. ಹತ್ತಿರ ಹೋದವರಿಗೆ ಅದು ನಿಜವೇ ಎಂದು ಗೊತ್ತಾಗುತ್ತಿತ್ತು.

ಅವಳು ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನನಗೆ ಮೀಸೆ ಚಿಗುರುವ ವಯಸ್ಸು. ನನ್ನ ಅಣ್ಣ ದಾದಾಸ ಬಟ್ಟೆ ತುಳಿದು ಹದ ಮಾಡುವವನು, ಬಾಯಿ ಸತ್ತವನು. ಬಾಬೋ ಇಬ್ಬರ ಮಾತನ್ನೂ ತಾನೇ ಆಡಿ ಸಂಸಾರ ನಡೆಸಿದಳು. ಮಕ್ಕಳಾಗಲಿಲ್ಲ. ಮದುವೆಯಾದ ಒಂಬತ್ತನೆಯ ವರ್ಷ ನನ್ನ ಅಣ್ಣ ನಮ್ಮೂರ ದೇವರಾದ ಮೇನ್ ದೇವರ ತೋಪಿನಲ್ಲಿ ಒಂದು ಓಕ್ ಮರ ಕಡಿದುಬಿಟ್ಟ. ಬೇಕೆಂದು ಕಡಿದದ್ದಲ್ಲ, ತೋಪಿನ ಗಡಿ ಎಲ್ಲಿ ಎಂದು ಸರಿಯಾಗಿ ನೋಡಲಿಲ್ಲ. ವಾರದೊಳಗೆ ಜ್ವರ ಹಿಡಿಯಿತು.

ನಮ್ಮ ಕಡೆ ಇದಕ್ಕೆ ಮಾಡಬೇಕಾದದ್ದು ಒಂದೇ. ದೇವರ ಗುಡಿಯ ದಾರಿಯಲ್ಲಿ ಕಲ್ಲು ನೆಡಿಸಬೇಕು. ನಾನು ಇಂಥವನು, ಇಂಥ ತಪ್ಪು ಮಾಡಿದೆ, ದೇವರು ಹೀಗೆ ಶಿಕ್ಷಿಸಿದ, ಒಪ್ಪಿಕೊಂಡೆ ಎಂದು ನಾಲ್ಕು ಜನರ ಕಣ್ಣಿಗೆ ಬೀಳುವ ಹಾಗೆ ಕೆತ್ತಿಸಬೇಕು. ಆ ದಾರಿಯುದ್ದಕ್ಕೂ ಅಂಥ ಕಲ್ಲುಗಳಿವೆ. ಮೈಲಿಗೆ ಬಟ್ಟೆಯಲ್ಲಿ ಗುಡಿಗೆ ಹೋದವರು, ಸುಳ್ಳು ಆಣೆ ಇಟ್ಟವರು, ದೇವರ ಪಾರಿವಾಳ ಕದ್ದವರು. ಅಕ್ಷರವನ್ನು ನಾನು ಯಾವ ಗುರುವಿನ ಕೈಯಲ್ಲೂ ಕಲಿಯಲಿಲ್ಲ, ಆ ಕಲ್ಲುಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕಲಿತೆ. ಊರಿನ ಪಾಪಗಳೇ ನನಗೆ ಓದಿನ ಪಾಠ.

ಅಣ್ಣ ಕಲ್ಲು ಹಾಕಿಸಲು ಒಪ್ಪಿದ. ಆದರೆ ಕಲ್ಲುಕುಟಿಗ ಜೋಟಿಕ ಮಗಳ ಮದುವೆಯ ಗಡಿಬಿಡಿಯಲ್ಲಿದ್ದ. ನಾಳೆ, ನಾಳಿದ್ದು ಎಂದು ಹನ್ನೆರಡು ದಿನ ದೂಡಿದ. ಕಲ್ಲು ನಿಂತದ್ದು ಅಣ್ಣ ತೀರಿಕೊಂಡ ಮಾರನೆಯ ದಿನ. ಕಲ್ಲು ತಡವಾಗಿದ್ದಕ್ಕೇ ಹೋದ ಎಂದು ಊರು ಹೇಳಿತು. ಬಾಬೋ ಯಾರ ಬಳಿಯೂ ಅದನ್ನು ಎತ್ತಿ ಆಡಲಿಲ್ಲ, ಆದರೆ ಅವಳ ಮನಸ್ಸಿನಲ್ಲಿ ಅದು ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು. ತಪ್ಪು ಮಾಡಿದರೂ ಉಳಿಯಬಹುದು, ಒಪ್ಪಿಕೊಳ್ಳಲು ತಡ ಮಾಡಿದರೆ ಉಳಿಯುವಂತಿಲ್ಲ.

ಆಮೇಲೆ ಅವಳು ಮಗ್ಗಕ್ಕೇ ಅಂಟಿಕೊಂಡಳು. ಅವಳ ಹೆಸರಾದದ್ದು ಎರಡು ನೂಲಿನ ಬಟ್ಟೆಯಿಂದ. ಉದ್ದಕ್ಕೆ ಬಿಡುವ ಹಾಸಿನ ಎಳೆಗೆ ತಗ್ಗಿನ ಊರುಗಳ ಅಗಸೆ ನಾರು, ಅಡ್ಡಕ್ಕೆ ನೇಯುವ ಹೊಕ್ಕಿಗೆ ನಮ್ಮ ಬೆಟ್ಟದ ಕರೀ ಕುರಿಯ ಉಣ್ಣೆ. ನಾರು ಜಗ್ಗುವುದಿಲ್ಲ, ಉಣ್ಣೆ ತಣ್ಣಗಾಗುವುದಿಲ್ಲ. ಇದನ್ನು ನಮ್ಮಲ್ಲಿ ಮಾರುವುದಿಲ್ಲ. ಅಳಿಯನಿಗೆ ಕೊಡುತ್ತಾರೆ, ಇಲ್ಲವೇ ಮನೆಯವನು ಎಂದು ಒಪ್ಪಿಕೊಂಡ ಪರವೂರಿನವನಿಗೆ. ಅದನ್ನು ಹೊದ್ದವನಿಗೆ ಬೇರೆ ಬಟ್ಟಲಿಡುವಂತಿಲ್ಲ. ಅವನೂ ಆಮೇಲೆ ‘ನಾನು ಹೊರಗಿನವನು’ ಎನ್ನುವಂತಿಲ್ಲ.

ಹಿಲ್ಕೀಯ ನಮ್ಮೂರಿಗೆ ಬಂದದ್ದು ಕಾಲಿನ ಜೋಡು ಹೊಲಿಯುವವನಾಗಿ. ಅಪಾಮೆಯದ ಯೆಹೂದ್ಯ. ನಲವತ್ತರ ಆಚೆಯ ವಯಸ್ಸು, ಗಿಡ್ಡಗೆ, ಗಡ್ಡದಲ್ಲಿ ಒಂದು ಕಡೆ ಮಾತ್ರ ನರೆ. ಹೆಗಲ ಮೇಲೆ ಚರ್ಮದ ಚೀಲ, ಚೀಲದಲ್ಲಿ ದಬ್ಬಣ, ಮೇಣ, ದಾರ. ಅಲ್ಲಿನ ಯೇಸುವಿನ ಸಭೆಯವರು ಅವನನ್ನು ಅಪೊಸ್ತಲ, ಅಂದರೆ ದೇವರ ಮಾತು ಒಯ್ಯುವವನು, ಎಂದು ಕರೆದು, ತಲೆಯ ಮೇಲೆ ಕೈಯಿಟ್ಟು ಬೆಟ್ಟದ ಊರುಗಳಿಗೆ ಕಳಿಸಿದ್ದರಂತೆ. ಯೇಸುವಿನ ಮಾತು ಹೇಳುವುದು ಅವನ ಕೆಲಸ, ಜೋಡು ಹೊಲಿಯುವುದು ಅವನ ಊಟ. ನಮ್ಮ ಬೆಟ್ಟದ ಮಾತನ್ನು ಅವನು ಹೇಗೆ ಕಲಿತಿದ್ದನೋ, ಬಾಬೋಳ ಬಾಗಿಲಲ್ಲಿ ನಿಂತು ರೊಟ್ಟಿ ಕೇಳುವ ಬದಲು ಮೇಕೆ ಕೇಳಿದ. ಅವಳು ಕಟ್ಟಿ ಹಾಕಿದ ಮೇಕೆಯನ್ನೇ ಬಿಚ್ಚಿ ತಂದು ಅವನ ಮುಂದೆ ನಿಲ್ಲಿಸಿದಳು. ಬೀದಿಯೆಲ್ಲ ನಕ್ಕಿತು, ಅವನೂ ನಕ್ಕ.

ಆಮೇಲೆ ಅವಳು ಬಾರ್ಲಿ ರೊಟ್ಟಿಯನ್ನೂ ಗಿಣ್ಣನ್ನೂ ಹಿಡಿದು ಕೇಳಿದಳು.

“ನಿಮ್ಮೋರು ನಮ್ಮನೇಲಿ ನೀರೂ ಮುಟ್ಟಲ್ಲ ಅಂತಾರೆ. ಇದನ್ನ ನಿನಗೆ ಕೊಡ್ಲಾ, ಮೇಕೆಗೆ ಹಾಕ್ಲಾ?”

“ನನಗೇ ಕೊಡಕ್ಕ,” ಎಂದ ಅವನು, “ಮೇಕೆಗೆ ಆಮೇಲೆ ನೋಡೋಣ.”

ಅವನು ಅದನ್ನು ತಿಂದ ರೀತಿ ನನಗಿನ್ನೂ ನೆನಪಿದೆ. ಹಸಿದವನು ತಿನ್ನುವ ಹಾಗಿರಲಿಲ್ಲ. ಮೊದಲ ತುತ್ತನ್ನು ಬಹಳ ಹೊತ್ತು ಅಗಿದ. ಗಂಟಲಲ್ಲಿ ಇಳಿಯಲೋ ಬೇಡವೋ ಎಂದು ಆ ತುತ್ತು ಯೋಚಿಸುತ್ತಿದ್ದ ಹಾಗಿತ್ತು. ಆಮೇಲೆ ಸಲೀಸಾಗಿ ತಿಂದ.

ಆ ಚಳಿಗಾಲವೆಲ್ಲ ಅವನು ನಮ್ಮಲ್ಲೇ ಇದ್ದ. ಬಾಬೋಳ ಮಗ್ಗದ ಕೋಣೆಯಲ್ಲಿ ಅವಳು ನೇಯುತ್ತಿದ್ದಳು, ಅವನು ಹೊಲಿಯುತ್ತ ಹೇಳುತ್ತಿದ್ದ, ನಾವು ಕೇಳುತ್ತಿದ್ದೆವು. ದೇವರಿಗೆ ಕಲ್ಲು ಬೇಕಿಲ್ಲ, ಕೋಲು ಹಿಡಿದು ಕಾಯುವವನಲ್ಲ ಅವನು ಎಂದಾಗ ಬಾಬೋ ಒಮ್ಮೆ ನಿಂತು, ಬೆನ್ನು ತಿರುಗಿಸಿಕೊಂಡೇ, ಹನ್ನೆರಡು ದಿನ ತಡವಾದರೂ ಆ ದೇವರು ಕಾಯುತ್ತಿದ್ದನಾ ಎಂದು ಕೇಳಿದಳು. ಕಾಯುತ್ತಿದ್ದ ಎಂದ ಹಿಲ್ಕೀಯ. ಅವಳು ಮತ್ತೆ ನೇಯತೊಡಗಿದಳು. ಹಿಮ ಕರಗಿದ ಮೇಲೆ ಹಳ್ಳದ ಕೊರೆಯುವ ನೀರಿನಲ್ಲಿ ಹನ್ನೊಂದು ಜನ ಯೇಸುವಿನ ಹೆಸರಿನಲ್ಲಿ ಮುಳುಗಿ ಎದ್ದೆವು. ಮೊದಲು ಇಳಿದವಳು ಅವಳು.

ಅದೇ ವಾರ ಅವಳು ಅವನ ಹೆಗಲಿಗೆ ಎರಡು ನೂಲಿನ ಹೊದಿಕೆ ಹಾಕಿದಳು. ಚಳಿಗಾಲವಿಡೀ ಅವನ ಕಣ್ಣೆದುರೇ ನೇಯ್ದಿದ್ದಳು, ಯಾರಿಗೆಂದು ಮಾತ್ರ ಹೇಳಿರಲಿಲ್ಲ. ನಾವು ಉಳಿದ ಹತ್ತು ಜನ ಸುತ್ತ ನಿಂತಿದ್ದೆವು. ಹಿಲ್ಕೀಯ ಹೊದಿಕೆಯ ಅಂಚನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿದ. ಒಂದು ಗಳಿಗೆ ಹಾಗೇ ನಿಂತ. ಕೈಕೆಲಸ ಮೆಚ್ಚುತ್ತಿದ್ದಾನೆ ಎಂದುಕೊಂಡೆವು. ಆಮೇಲೆ ಅದನ್ನು ಎಳೆದು ಹೊದ್ದು, ಕುತ್ತಿಗೆಯ ಬಳಿ ಪಿನ್ನು ಚುಚ್ಚಿಕೊಂಡ. ಅಂದಿನಿಂದ ಬಾಬೋ ಅವನಿಗೆ ಅಕ್ಕ, ನಾನು ಭಾವನ ತಮ್ಮ. ಅವನು ಆ ವರ್ಷವೆಲ್ಲ ಅದನ್ನೇ ಹೊದ್ದು ಓಡಾಡಿದ. ಮೊದಲ ಮೂರು ದಿನ ಮಾತ್ರ ಮೈ ಕಡಿತವೆಂದು ಕೆರೆದುಕೊಳ್ಳುತ್ತಿದ್ದ. ಉಣ್ಣೆ ಹೊಸತು ಎಂದು ನಾವು ಸಮಾಧಾನ ಹೇಳಿದೆವು.

ಎರಡನೆಯ ಚಳಿಗಾಲದಲ್ಲಿ ಅಪಾಮೆಯದಿಂದ ಕರೆ ಬಂತು. ಅಲ್ಲಿನ ಹಿರಿಯರಿಗೆ ಅವನ ಜೊತೆ ಮಾತಾಡುವುದಿತ್ತು. ಎರಡು ತಿಂಗಳಲ್ಲಿ ಬರುವೆನೆಂದು ಹೇಳಿ, ಹೊದಿಕೆ ಹೊದ್ದು ಬೆಟ್ಟ ಇಳಿದ.

ಅವನು ಹೋದ ಮೂರನೆಯ ವಾರ ಜೆಬೀನ ಉಣ್ಣೆ ಕೊಳ್ಳಲು ಬಂದ. ಅವನೂ ಅಪಾಮೆಯದ ಯೆಹೂದ್ಯನೇ. ಯೇಸುವನ್ನು ನಂಬಿದವನು, ಆದರೆ ಯೆಹೂದ್ಯರ ಹಳೆಯ ಕಟ್ಟಳೆಯಾದ ಮೋಶೆಯ ಧರ್ಮಶಾಸ್ತ್ರದ ಒಂದು ಎಳೆಯನ್ನೂ ಬಿಡದವನು. ಒಳ್ಳೆಯ ಮನುಷ್ಯ. ನಮ್ಮ ಕುರಿಗಳ ಕಾಯಿಲೆಗೆ ಪಟ್ಟಣದಿಂದ ಮದ್ದು ತಂದುಕೊಡುತ್ತಿದ್ದ. ಅವನು ಉಣ್ಣುತ್ತಿದ್ದುದು ಮಾತ್ರ ತನ್ನ ಚೀಲದ ರೊಟ್ಟಿಯನ್ನು, ಬಾಗಿಲ ಹೊರಗಿನ ಕಲ್ಲುಬೆಂಚಿನ ಮೇಲೆ. ನಾವೂ ಅದನ್ನು ಮನಸ್ಸಿಗೆ ಹಚ್ಚಿಕೊಂಡವರಲ್ಲ.

ಬಾಬೋ ಅವತ್ತು ಮಗ್ಗದಲ್ಲಿ ಇನ್ನೊಂದು ಎರಡು ನೂಲಿನ ಹೊದಿಕೆ ಏರಿಸಿದ್ದಳು, ನನ್ನ ಮಗಳ ಗಂಡನಾಗುವವನಿಗೆ. ಜೆಬೀನ ವ್ಯಾಪಾರದ ಬೆರಳಿನಿಂದ ಮುಟ್ಟಿ ನೋಡಿದ. ಹಿಲ್ಕೀಯನಿಗೂ ಇಂಥದ್ದೇ ಒಂದು ನೇಯ್ದುಕೊಟ್ಟಿದ್ದೇನೆ ಎಂದು ಬಾಬೋ ಹೆಮ್ಮೆಯಿಂದ ಹೇಳಿಕೊಂಡಳು. ಜೆಬೀನನ ಕೈ ಬಟ್ಟೆಯ ಮೇಲೇ ನಿಂತುಹೋಯಿತು. ಆಮೇಲೆ ಅವನು ಮೆಲ್ಲಗೆ, ಯಾರ ಮನಸ್ಸೂ ನೋಯಬಾರದೆಂದು ಮಾತು ಹುಡುಕುತ್ತ, ತಮ್ಮವರು ಉಣ್ಣೆಯನ್ನೂ ನಾರನ್ನೂ ಕೂಡಿಸಿ ನೇಯ್ದದ್ದನ್ನು ಹೊದೆಯಬಾರದು, ಅದು ದೇವರ ಬಾಯಿಂದಲೇ ಬಂದ ಮಾತು ಎಂದು ಹೇಳಿದ.

ಬಾಬೋ ಮಗ್ಗದ ಮುಂದಿನಿಂದ ಈಚೆ ಬಂದಳು.

“ಹೊದ್ರೆ ಏನಾಯ್ತದೆ?” ಎಂದಳು.

“ಹೊದೀಬಾರದು ಅಂತ ಇದೆ ತಾಯಿ. ಹೊದ್ದರೆ ಏನು ಅಂತ ಬರೆದಿಲ್ಲ.”

ಜೆಬೀನ ಇದನ್ನು ಸಮಾಧಾನಕ್ಕೆ ಹೇಳಿದ. ಅವಳ ಎದೆಗೆ ಅದು ಬೇರೆ ಥರ ಬಿತ್ತು. ಮೇನ್ ದೇವರ ಶಿಕ್ಷೆ ಕಣ್ಣೋ ಕಾಲೋ ಜ್ವರವೋ, ಹೇಗೂ ಹೆಸರಿದೆ. ಬರೆದೇ ಇಲ್ಲದ ಶಿಕ್ಷೆ ಎಂದರೆ ಎಷ್ಟು ದೊಡ್ಡದೋ. ಅದೂ ವರ್ಷವಾಯಿತು. ದಾದಾಸನಿಗೆ ಹನ್ನೆರಡೇ ದಿನ ಸಿಕ್ಕಿತ್ತು.

ಜೆಬೀನ ಉಣ್ಣೆ ಹೇರಿಕೊಂಡು ಬೆಟ್ಟ ಇಳಿಯುವಷ್ಟರಲ್ಲಿ ಅವಳು ಜೋಟಿಕನ ಅಂಗಳದಲ್ಲಿದ್ದಳು. ಅವನು ನಾಳೆ ಎನ್ನಲು ಬಾಯಿ ತೆರೆದದ್ದೇ ತಡ, ಹೊಸ ಉಳಿಯನ್ನು ಅವನ ಕೈಗೆ ಕೊಟ್ಟು, ಎದುರಿಗೆ ಕೂತು, ಕೆತ್ತಿ ಮುಗಿಯುವವರೆಗೆ ಏಳಲಿಲ್ಲ. ಎರಡು ದಿನ ಹಿಡಿಯಿತು. ಅಂಥ ಕಲ್ಲಿನ ಮೇಲೆ ನೋವಾದ ಅಂಗದ ಚಿತ್ರ ಕೆತ್ತುವುದು ವಾಡಿಕೆ. ಇಲ್ಲಿ ಏನು ಕೆತ್ತಲಿ ಎಂದು ಜೋಟಿಕ ಕೇಳಿದ. ಹೊದಿಕೆ ಕೆತ್ತು ಎಂದಳು. ಅವನು ಕೆತ್ತಿದ ಹೊದಿಕೆ ಒಣಹಾಕಿದ ಆಡಿನ ತೊಗಲಿನ ಹಾಗೆ ಕಾಣುತ್ತಿತ್ತು. ಕೆಳಗೆ ಅವಳು ಹೇಳಿ ಬರೆಸಿದ ಮಾತು:

‘ಬಾಬೋ ಎಂಬ ನಾನು ಅರಿಯದೆ ಉಣ್ಣೆಯನ್ನೂ ನಾರನ್ನೂ ಕೂಡಿಸಿ ದೇವರ ಆಳಿನ ಹೆಗಲಿಗೆ ಹಾಕಿದೆ. ಹಿಲ್ಕೀಯನ ದೇವರೇ, ತಪ್ಪು ನೇಯ್ದವಳದು, ಹೊದ್ದವನದಲ್ಲ. ಅವನನ್ನು ಬಿಡು.’

ಕಲ್ಲುಗಳೆಲ್ಲ ಇರುವುದು ಮೇನ್ ಗುಡಿಯ ದಾರಿಯಲ್ಲೇ. ಅವಳೂ ಅಲ್ಲೇ ನೆಡಿಸಿದಳು. ಗುಡಿಯ ಪೂಜಾರಿ ಹೊರಗೆ ಬಂದು, ಓದಿಸಿಕೊಂಡು, ಗಡ್ಡ ನೀವಿದ. ನಿಮ್ಮ ಹೊಸ ದೇವರೂ ಕೊನೆಗೆ ನಮ್ಮ ಬೀದಿಗೇ ಬಂದನಲ್ಲ, ಜಾಗ ಬೇಕಾದರೆ ಇನ್ನೂ ಇದೆ ಎಂದು ನಮ್ಮನ್ನೆಲ್ಲ ನೋಡಿ ನಕ್ಕ.

ನಮಗೆ ನಗು ಬರಲಿಲ್ಲ. ಉಣ್ಣೆ ನಾರು ಕೂಡಬಾರದು ಎಂದಾದರೆ ಇನ್ನೇನೇನು ಕೂಡಬಾರದೋ ಎಂಬ ಭಯ ಹಿಡಿಯಿತು. ಹನ್ನೊಂದು ಜನರೂ ಎರಡು ನೂಲಿನ ಬಟ್ಟೆ ಬಿಚ್ಚಿ ಮಡಿಸಿಟ್ಟೆವು. ನನ್ನ ಮದುವೆಯ ಹೊದಿಕೆಯನ್ನು ನಾನೂ ಬಿಚ್ಚಿದೆ. ಆ ಚಳಿಗಾಲ ನಾನು ನಡುಗಿದಷ್ಟು ಎಂದೂ ನಡುಗಿಲ್ಲ. ಕೆಲವರು ಗಿಣ್ಣು ಬಿಟ್ಟರು. ಯಾಕೆ ಎಂದು ಕೇಳಿದರೆ, ಬಿಟ್ಟಿರುವುದು ಒಳ್ಳೆಯದು ಎಂದರು. ಒಂದೇ ಪರಾತದಲ್ಲಿ ಕೈ ಹಾಕಿ ಉಣ್ಣುತ್ತಿದ್ದವರು ಬಟ್ಟಲು ಬೇರೆ ಮಾಡಿಕೊಂಡೆವು. ಬಾಬೋ ಮಗ್ಗದಲ್ಲಿದ್ದುದನ್ನು ಕತ್ತರಿಸಿ ತೆಗೆದು, ಹಾಸಿನ ಎಳೆಗಳಿಗೆ ಭಾರಕ್ಕೆಂದು ಕಟ್ಟುವ ಮಣ್ಣಿನ ಗುಂಡುಗಳನ್ನು ಬಿಚ್ಚಿ ಬುಟ್ಟಿಯಲ್ಲಿ ಹಾಕಿ ಅಟ್ಟಕ್ಕೆ ಏರಿಸಿದಳು. ಅವಳು ನಮ್ಮ ಮನೆಗೆ ಬಂದ ಮೇಲೆ ಆ ಮಗ್ಗ ಬರಿದಾಗಿ ನಿಂತದ್ದು ಅದೇ ಮೊದಲು. ದಿನಾ ಬೆಟ್ಟದ ತಿರುವಿನ ತನಕ ಹೋಗಿ ದಾರಿ ನೋಡಿ ಬರುತ್ತಿದ್ದಳು. ಅಪಾಮೆಯದಿಂದ ಬಂದವರನ್ನೆಲ್ಲ ತಡೆದು, ಜೋಡು ಹೊಲಿಯುವ ಗಿಡ್ಡನಿಗೆ ಜ್ವರವೇನಾದರೂ ಬಂದಿದೆಯಾ ಎಂದು ಕೇಳುತ್ತಿದ್ದಳು.

ಬಾದಾಮಿ ಗಿಡ ಹೂಬಿಡುವ ಹೊತ್ತಿಗೆ ಹಿಲ್ಕೀಯ ಬಂದ. ಜೊತೆಗೆ ಜೆಬೀನ, ಹೇಸರಗತ್ತೆಯ ಹಗ್ಗ ಹಿಡಿದು. ಹಿಲ್ಕೀಯನ ಹೆಗಲ ಮೇಲೆ ಅದೇ ಹೊದಿಕೆ.

ನಾನು ಗುಡಿಯ ದಾರಿಯಲ್ಲೇ ಎದುರಾದೆ. ಅವನು ಆಡಿನ ತೊಗಲಿನ ಚಿತ್ರದ ಮುಂದೆ ನಿಂತು ಓದುತ್ತಿದ್ದ. ಓದಿ ಮುಗಿದ ಮೇಲೆ ಇನ್ನೊಮ್ಮೆ ಮೊದಲಿಂದ ಓದಿದ. ಅವನಿಗೆ ಸಿಟ್ಟು ಬಂದದ್ದನ್ನು ನಾನು ಅವತ್ತೇ ನೋಡಿದ್ದು.

“ಅಪ್ಪಾಸ, ಇಡೀ ಊರಲ್ಲಿ ಓದು ಬರೋನು ನೀನೊಬ್ಬ. ಇದನ್ನ ಓದಿ ಸುಮ್ಮನಿದ್ದೀಯಾ?”

ಅಕ್ಷರ ಸರಿಯಾಗಿದೆಯೇ ಎಂದು ಜೋಟಿಕನಿಗೆ ನೋಡಿ ಹೇಳಿದವನೇ ನಾನು ಎಂದು ಬಾಯಿಬಿಡಲು ನನಗೆ ಧೈರ್ಯ ಸಾಲಲಿಲ್ಲ. ಅವನು ನನ್ನ ಮೈಮೇಲೆ ಹೊದಿಕೆ ಇಲ್ಲದ್ದನ್ನು ನೋಡಿದ, ಬಾಬೋಳ ಮನೆಯ ಕಡೆ ಬಿರಬಿರನೆ ನಡೆದ. ನಾನೂ ಜೆಬೀನನೂ ಹಿಂದೆ ಹೋದೆವು.

ಬಾಬೋ ಅಂಗಳದಲ್ಲಿ ಗೋಧಿ ಕೇರುತ್ತಿದ್ದಳು. ಅವನನ್ನು ಕಂಡು ಮೊರ ಕೆಳಗಿಟ್ಟಳು. ಹತ್ತಿರ ಬಂದು ಹಣೆ ಮುಟ್ಟಿ ನೋಡಿದಳು, ಕಣ್ಣರೆಪ್ಪೆ ಎಳೆದು ನೋಡಿದಳು, ನಾಲಿಗೆ ಚಾಚು ಎಂದಳು. ಅವನು ಸಿಟ್ಟಿನಲ್ಲಿದ್ದವನು ನಾಲಿಗೆ ಚಾಚಿದ. ಎಲ್ಲ ಸರಿಯಾಗಿದೆ ಎಂದು ಕಂಡ ಮೇಲೆ ಹೊದಿಕೆಗೆ ಕೈ ಹಾಕಿದಳು.

“ಬಿಚ್ಚು ಇದನ್ನ. ಒಲೆಗೆ ಹಾಕ್ತೀನಿ.”

ಹಿಲ್ಕೀಯ ಪಿನ್ನನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಬಿಚ್ಚಲ್ಲ ಅಕ್ಕ. ಅಪಾಮೆಯದಲ್ಲೂ ಬಿಚ್ಚಲಿಲ್ಲ.”

ಅಲ್ಲಿ ಊಟಕ್ಕೆ ಕೂರುವಾಗ ಹಿರಿಯರು ಹೊದಿಕೆ ತೆಗೆದಿಟ್ಟು ಬಾ ಎಂದರಂತೆ. ಇದು ನನ್ನ ಮನೆಯವರು ಹೊದಿಸಿದ್ದು, ತೆಗೆದರೆ ಅವರನ್ನು ಹೊರಗೆ ನಿಲ್ಲಿಸಿದ ಹಾಗೆ ಎಂದು ಇವನು ಹೇಳಿದನಂತೆ. ಹಾಗಾದರೆ ನೀನೂ ಹೊರಗೇ ಎಂದರು. ಎರಡು ತಿಂಗಳು ಬಾಗಿಲ ಬಳಿ, ಬಣ್ಣ ಅದ್ದುವ, ಯೆಹೂದ್ಯರಲ್ಲದ ಇಬ್ಬರು ಕೂಲಿಯವರ ಜೊತೆ ಕೂತು ಉಂಡೆ, ಅಲ್ಲಿ ಗಾಳಿ ಚೆನ್ನಾಗಿತ್ತು ಎಂದು ಹಿಲ್ಕೀಯ ಹೇಳಿದ. ಜೆಬೀನ ನೆಲ ನೋಡುತ್ತಿದ್ದ.

ಬಾಬೋಗೆ ಬೇರೇನೂ ಕೇಳಿಸಲಿಲ್ಲ. ಒಂದೇ ಮಾತು ಹಿಡಿದಳು.

“ಹಂಗಾರೆ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಯಾವಾಗಿಂದ?”

“ನೀನು ಹೊದಿಸಿದ ದಿನದಿಂದ. ಬೆರಳಿಗೆ ಗೊತ್ತಾಯ್ತು ಅಕ್ಕ. ಹಾಲು ಕುಡಿಯೋ ವಯಸ್ಸಿಂದ ಬೇಡ ಬೇಡ ಅಂತ ಕಲಿಸಿದ ಬೆರಳು ಅದು. ಆ ಮೂರು ದಿನ ಮೈ ಕಡೀತಿತ್ತಲ್ಲ, ಉಣ್ಣೆಯಿಂದ ಅಲ್ಲ ಅದು.”

“ಮತ್ತೆ ಯಾಕೆ ಹೊದ್ದೆ?”

ಹಿಲ್ಕೀಯ ಅಂಗಳದ ಒರಳಿನ ಮೇಲೆ ಕೂತ. ಅವನ ಸಿಟ್ಟು ಇಳಿದಿತ್ತು. ಬೇರೆ ಬೇರೆ ಮಾಡಿಟ್ಟ ಬಟ್ಟಲುಗಳು ಗೋಡೆಯ ಗೂಡಿನಲ್ಲಿ ಸಾಲಾಗಿ ಕಾಣುತ್ತಿದ್ದವು. ಅವನು ಅವನ್ನು ಎಣಿಸುವವನ ಹಾಗೆ ನೋಡಿದ.

“ನಾನು ನಿಮ್ಮಂಥೋನಾಗ್ತೀನಿ ಅಂತ ಬಂದೋನು. ಹೊದಿಕೆ ಬೇಡ ಅಂದಿದ್ರೆ, ನೀನು ನಂಬಿದ್ದೆಲ್ಲ ಸರಿ, ಆದ್ರೆ ನೀನು ಮಾತ್ರ ಸರಿಯಿಲ್ಲ ಅಂದ ಹಾಗಾಗ್ತಿತ್ತು. ನಾನು ನಮ್ಮ ಮನೆಯಿಂದ ಎದ್ದು ನಿಮ್ಮ ಮನೆಗೆ ಬಂದು ಕೂತಿದ್ದೀನಿ. ನೀವು ನೋಡಿದ್ರೆ ಎಲ್ಲರೂ ಎದ್ದು ಹೋಗಿ ನಮ್ಮ ಹಳೇ ಮನೆ ಬಾಗಿಲಲ್ಲಿ ನಡುಗ್ತಾ ನಿಂತಿದ್ದೀರಿ. ಈಗ ನಾನು ಯಾರ ಜೊತೆ ಉಣ್ಣಲಿ?”

ನನಗೆ ಅಲ್ಲೇ ಕೂತು ಅತ್ತುಬಿಡಬೇಕು ಅನ್ನಿಸಿತು. ಬಾಬೋ ಅಳುವವಳಲ್ಲ. ಅವಳ ಬಲ ಹೆಗಲು ಇನ್ನಷ್ಟು ಮೇಲೆ ಹೋಯಿತು.

“ನಿನ್ನ ಮಾತು ಚೆನ್ನಾಗೈತೆ. ಆದ್ರೆ ನನ್ನ ಹತ್ರ ಹೇಳಕ್ಕೆ ನಿಂಗೇನಾಗಿತ್ತು ರೋಗ? ಗೊತ್ತಿದ್ದೇ ಹೊದ್ದೀನಕ್ಕ ಅಂತ ಅವತ್ತೇ ಒಂದ್ಮಾತು ಅಂದಿದ್ರೆ? ಎರಡು ತಿಂಗ್ಳು, ಇವತ್ತು ಸತ್ತಾನೋ ನಾಳೆ ಸತ್ತಾನೋ ಅಂತ ದಾರಿ ನೋಡಿದೀನಿ. ಒಬ್ಬನ್ನ ಹಂಗೇ ಕಳ್ಕೊಂಡೋಳು ನಾನು.”

ಎಷ್ಟೋ ಊರುಗಳಲ್ಲಿ ಎಷ್ಟೋ ಜನರ ಎದುರು ನಿಂತು ಮಾತಾಡಿದವನು ಹಿಲ್ಕೀಯ. ಈಗ ಅವನು, ತಪ್ಪಾಯ್ತು ಅಕ್ಕ, ಅದು ನನಗೆ ಹೊಳೆಯಲಿಲ್ಲ ಎಂದ.

“ತಪ್ಪಾಯ್ತಾ?”

“ತಪ್ಪಾಯ್ತು.”

“ಹಂಗಾರೆ ಕಲ್ಲು ಹಾಕ್ಸು.”

ಜೆಬೀನ ತಲೆ ಎತ್ತಿದ. ಎರಡು ಚಳಿಗಾಲದಿಂದ ಕಲ್ಲು ಬೇಡ ಕಲ್ಲು ಬೇಡ ಎಂದು ಹೇಳುತ್ತ ಬಂದವನಿಗೆ ಕಲ್ಲು ಹಾಕಿಸು ಎನ್ನುತ್ತಿದ್ದಾಳೆ. ಅವಳು ಹಟಕ್ಕೆ ಹೇಳುತ್ತಿರಲಿಲ್ಲ. ಮನೇಸಿಯಲ್ಲಿ ತಪ್ಪು ಒಪ್ಪಿಕೊಳ್ಳುವುದು ಎಂದರೆ ಅದೇ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಹೊದಿಕೆ ಹೊದ್ದು ಮನೆಯವನಾದವನು ಮನೆಯವರ ಹಾಗೆ ತಪ್ಪೊಪ್ಪುತ್ತಾನೋ ಇಲ್ಲವೋ, ಅವಳಿಗೆ ಬೇಕಾಗಿದ್ದುದು ಅಷ್ಟೇ. ಇಲ್ಲ ಎಂದರೆ ಅವಳು ಗುಂಡುಗಳನ್ನು ಅಟ್ಟದಿಂದ ಇಳಿಸುವವಳಲ್ಲ ಎಂಬುದು ನನಗೆ ಗೊತ್ತಿತ್ತು. ಉಳಿದ ಹತ್ತು ಜನ ಅವಳನ್ನು ನೋಡಿಯೇ ಹಳ್ಳಕ್ಕೆ ಇಳಿದಿದ್ದೆವು.

ಹಿಲ್ಕೀಯ ಗಡ್ಡದ ನರೆತ ಕಡೆಯನ್ನು ಕೆರೆದುಕೊಂಡ.

“ಮೇನ್ ದೇವರಿಗೆ ಅಂತ ಬರೆಸಲ್ಲ.”

“ಬೇಡ.”

“ದೇವರು ಹೊಡೀತಾನೆ ಅಂತಾನೂ ಬರೆಸಲ್ಲ.”

“ಬೇಡ ಅಂದ್ನಲ್ಲ. ನಿನ್ನ ತಪ್ಪು ಬರ್ಸು ಸಾಕು.”

“ಬೇರೆ ಕಲ್ಲು ಯಾಕೆ, ನಿನ್ನ ಕಲ್ಲಲ್ಲೇ ಕೆಳಗೆ ಜಾಗ ಇದೆ,” ಎಂದು ಅವನು ಎದ್ದ.

ಜೋಟಿಕ ಈ ಸಲ ನಾಳೆ ಎನ್ನಲಿಲ್ಲ. ಕಲ್ಲು ನೆಟ್ಟ ಜಾಗದಲ್ಲೇ ಮಂಡಿಯೂರಿ ಕೆತ್ತಿದ. ಊರೆಲ್ಲ ಸೇರಿತು. ಅಪೊಸ್ತಲನೂ ಒಪ್ಪಿಕೊಳ್ಳುತ್ತಾನಂತೆ ಎಂದು ಪೂಜಾರಿ ಮುಂದೆಯೇ ನಿಂತಿದ್ದ. ಕೆತ್ತಿದ್ದನ್ನು ಗಟ್ಟಿಯಾಗಿ ಓದುವ ಕೆಲಸ ನನ್ನದಾಯಿತು.

‘ಹಿಲ್ಕೀಯ ಎಂಬ ನಾನು ಈ ಹೊದಿಕೆಯನ್ನು ಗೊತ್ತಿದ್ದೇ ಹೊದ್ದೆ. ಹೇಳದೆ ಅಕ್ಕನನ್ನು ಹೆದರಿಸಿದೆ, ಅದು ನನ್ನ ತಪ್ಪು. ದೇವರು ಹೊಡೆಯಲಿಲ್ಲ. ಹೊದಿಕೆ ಬೆಚ್ಚಗಿದೆ.’

ಜೋಟಿಕ ‘ಬೆಚ್ಚಗಿದೆ’ಯಲ್ಲಿ ಒಂದಕ್ಷರ ನುಂಗಿದ್ದ, ನಾನು ಸರಿಮಾಡಿ ಓದಿದೆ. ಪೂಜಾರಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಆ ದಾರಿಯಲ್ಲಿರುವ ಅಷ್ಟು ಕಲ್ಲುಗಳಲ್ಲಿ ಪೆಟ್ಟು ಬೀಳಲಿಲ್ಲ ಎಂದು ಬರೆದಿರುವುದು ಅದೊಂದೇ. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬಾಬೋ ಅಕ್ಷರಗಳ ಮೇಲೆ ಬೆರಳು ಎಳೆದು ನೋಡಿದಳು, ಅವಳಿಗೆ ಓದು ಬರುತ್ತಿರಲಿಲ್ಲ. ಆಳ ಸಾಕು ಎಂದಳು.

ಅಲ್ಲೇ ಜೆಬೀನ ಅವಳ ಪಕ್ಕಕ್ಕೆ ಬಂದ. ಅವತ್ತು ತಾನು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಹೇಳಿದೆ ಎಂದ. ಯೆರೂಸಲೇಮಿನ ದೇವಾಲಯದಲ್ಲಿ ಯಾಜಕರು ಸೇವೆಗೆ ನಿಲ್ಲುವಾಗ ಕಟ್ಟಿಕೊಳ್ಳುವ ನಡುಕಟ್ಟು ನಾರು ಉಣ್ಣೆ ಕೂಡಿದ್ದೇ. ಬೇರೆ ಯಾರೂ ಬೇರೆಲ್ಲೂ ಹೊದೆಯಬಾರದು, ದೇವರ ಎದುರಿಗೆ ಮಾತ್ರ ಅದೇ ಬೇಕು. ಅದು ತನಗೆ ದಾರಿಯಲ್ಲಿ ಬರುವಾಗ ನೆನಪಾಯಿತು ಎಂದ.

ಬಾಬೋ ಇದನ್ನು ಕೇಳಿ ಕಣ್ಣೀರು ಹಾಕುತ್ತಾಳೆ ಎಂದು ಅವನು ಅಂದುಕೊಂಡಿರಬೇಕು.

“ಹಾಸು ಯಾವ್ದು, ಹೊಕ್ಕು ಯಾವ್ದು?” ಎಂದು ಅವಳು ಕೇಳಿದಳು.

ಗೊತ್ತಿಲ್ಲ ಎಂದ.

“ನಲವತ್ತು ವರ್ಷದಿಂದ ಉಣ್ಣೆ ಮಾರ್ತೀಯ. ಅದನ್ನ ಕೇಳ್ಕೊಂಡು ಬರಬಾರ್ದಾ?”

ಅವತ್ತು ಮಧ್ಯಾಹ್ನ ಗೂಡಿನ ಬಟ್ಟಲುಗಳು ಗೂಡಿನಲ್ಲೇ ಉಳಿದವು. ದೊಡ್ಡ ಪರಾತ ಹೊರಗೆ ಬಂತು. ನುಚ್ಚು, ಈರುಳ್ಳಿ, ಮೇಲೆ ಗಿಣ್ಣು. ಹನ್ನೆರಡು ಕೈ ಒಟ್ಟಿಗೆ ಇಳಿದವು. ನಾನು ನನ್ನ ಹೊದಿಕೆ ತಂದು ಹೊದ್ದು ಕೂತೆ, ಸೆಕೆಯಾದರೂ ಬಿಚ್ಚಲಿಲ್ಲ.

ಅರ್ಧ ಊಟದಲ್ಲಿ ಬಾಬೋ ಬಾಗಿಲ ಕಡೆ ನೋಡಿದಳು. ಜೆಬೀನ ಹೊರಗೆ ಕಲ್ಲುಬೆಂಚಿನ ಮೇಲೆ ಕೂತು ಚೀಲದ ರೊಟ್ಟಿ ಮುರಿಯುತ್ತಿದ್ದ. ಅವನ ಹೊದಿಕೆ ಹಳತು, ಮೊಣಕೈ ಬಳಿ ತೂತು. ಅವಳು ಕೈ ತೊಳೆದು ಹೊರಗೆ ಹೋಗಿ, ಇಷ್ಟು ಉಣ್ಣೆ ಮಾರುವವನು ನೀನೇ ಚಿಂದಿ ಹೊದ್ದಿದ್ದೀಯಲ್ಲ ಎಂದಳು. ಅವನು ನಕ್ಕು, ಪೇಟೆಯ ಬಟ್ಟೆ ಕೊಂಡರೆ ಹೆಂಡತಿ ಹೊಲಿಗೆ ಬಿಚ್ಚಿ ಎಳೆ ಎಳೆ ನೋಡುತ್ತಾಳೆ, ಎಲ್ಲಾದರೂ ನಾರು ಸೇರಿದ್ದರೆ ವಾಪಸ್ಸು, ಅದಕ್ಕೇ ಹಳೆಯದೇ ವಾಸಿ ಎಂದ.

ಮಾರನೆಯ ದಿನ ಗುಂಡುಗಳ ಬುಟ್ಟಿ ಅಟ್ಟದಿಂದ ಇಳಿಯಿತು. ಅಳಿಯನ ಹೊದಿಕೆಗೆ ಎಂದು ನಾನು ಖುಷಿಪಟ್ಟೆ. ಅಳಿಯ ಕಾಯಲಿ ಎಂದಳು ಬಾಬೋ. ಕೋಣೆಯಲ್ಲಿದ್ದ ನಾರನ್ನೆಲ್ಲ ಬೀದಿಯಾಚೆಯ ನಮ್ಮ ಮನೆಗೆ ಸಾಗಿಸಿದಳು. ಮಗ್ಗವನ್ನು ಬೂದಿ ಹಚ್ಚಿ ತಿಕ್ಕಿದಳು, ಗುಂಡುಗಳ ದಾರ ಬದಲಿಸಿದಳು. ಅಗಸೆಯ ಎಳೆ ಹಾರಿ ಬಂದೀತು ಎಂದು ಬೀದಿ ಕಡೆಯ ಕಿಟಕಿಗೆ ಚರ್ಮ ಹೊಡೆದಳು. ನಾನು ಒಮ್ಮೆ ನಾರಿನ ಅಂಗಿಯಲ್ಲಿ ಒಳಗೆ ಕಾಲಿಟ್ಟದ್ದಕ್ಕೆ ಕದಿರು ಎಸೆದು ಓಡಿಸಿದಳು. ಹಾಸೂ ಉಣ್ಣೆ, ಹೊಕ್ಕೂ ಉಣ್ಣೆ. ಬರೀ ಉಣ್ಣೆಯ ಹಾಸು ಜಗ್ಗುತ್ತದೆ, ಕೈ ನೋಯುತ್ತದೆ. ಬೈದುಕೊಂಡೇ ನೇಯ್ದಳು. ಹಿಲ್ಕೀಯ ಮೂಲೆಯಲ್ಲಿ ಜೋಡು ಹೊಲಿಯುತ್ತ, ಎರಡು ನೂಲಿನ ತನ್ನ ಹೊದಿಕೆಯನ್ನು ಹೊರಗಿನ ಗೂಟಕ್ಕೆ ನೇತುಹಾಕಿ ಒಳಗೆ ಬರುತ್ತಿದ್ದ. ಅವಳ ಕಟ್ಟಪ್ಪಣೆ.

ಹೊದಿಕೆ ಮುಗಿದಾಗ ಪಕ್ಕದ ಹೊಲಿಗೆಯನ್ನು ನಾಲ್ಕು ಬೆರಳು ಹಾಗೇ ಬಿಟ್ಟಳು. ಮರೆತೆಯಾ ಎಂದು ಕೇಳಿದೆ. ಜೆಬೀನನ ಹೆಂಡತಿ ಬಿಚ್ಚುವ ಕಷ್ಟ ಪಡುವುದು ಬೇಡ, ಅಲ್ಲಿಂದಲೇ ಎಳೆ ನೋಡಿಕೊಳ್ಳಲಿ, ಒಪ್ಪಿದ ಮೇಲೆ ಅವಳೇ ಹೊಲಿದುಕೊಳ್ಳಲಿ ಎಂದಳು.

ಮುಂದಿನ ಉಣ್ಣೆಯ ಕಾಲಕ್ಕೆ ಜೆಬೀನ ಅದನ್ನು ಹೊದ್ದು ಬಂದ. ಆ ನಾಲ್ಕು ಬೆರಳಿನ ಜಾಗದಲ್ಲಿ ಹೊಲಿಗೆ ಬೇರೆ ಕೈಯದು, ಸಣ್ಣ ಸಣ್ಣ ಹೊಲಿಗೆ. ಬಾಬೋ ಬಗ್ಗಿ ನೋಡಿ, ನಿನ್ನ ಹೆಂಡತಿಯ ಕೈ ಪರವಾಗಿಲ್ಲ ಎಂದಳು. ಅವನು ಬೆಂಚಿನ ಮೇಲೆ ಕೂರಲಿಲ್ಲ. ಚೀಲದಿಂದ ತನ್ನ ಬಟ್ಟಲನ್ನು ತೆಗೆದು, ಒಳಗೆ ಬಂದು, ನನ್ನ ಪಕ್ಕದಲ್ಲಿ ಚಾಪೆಯ ಮೇಲೆ ಕೂತ. ಬಾಬೋ ಬೇರೇನನ್ನೂ ಬೇಯಿಸದ ಹೊಸ ಮಡಕೆಯೊಂದನ್ನು ತಂದಳು. ಅದರಲ್ಲಿ ಬೇಳೆ, ಉಪ್ಪು, ನೀರು, ಇನ್ನೇನೂ ಇಲ್ಲ ಎಂದು ಆಣೆ ಮಾಡುವ ದನಿಯಲ್ಲಿ ಹೇಳಿ ಬಡಿಸಿದಳು. ಅವನು ಒಂದು ಗಳಿಗೆ ಬಟ್ಟಲನ್ನೇ ನೋಡಿದ. ಆಮೇಲೆ ಉಂಡ, ಇನ್ನೊಂದು ಸೌಟು ಹಾಕು ತಾಯಿ ಎಂದ.